ಕಿವಿಯಿಲ್ಲದ ಕದ್ದಾಲಿಕೆ

ಕರ್ನಾಟಕದವರಿಗೆ ‘ಕದ್ದಾಲಿಕೆ’ ಹೊಸ ಪದವೇನಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಟೆಲಿಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ. 2019ರಲ್ಲಿ ಅಂಥದೇ ಆರೋಪ ಮತ್ತೆ ಎದ್ದು, ರಾಜ್ಯ ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಹಾಗಾಗಿ ಸರ್ಕಾರದ ಕಣ್ಗಾವಲು ಎಂದಕೂಡಲೇ ನಮಗೆ ಹೊಳೆಯುವ ಚಿತ್ರ ಒಂದೇ: ಎಲ್ಲೋ ಒಂದು ಕೋಣೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ ಒಬ್ಬ, ಅವನ ಮುಂದೆ ತಿರುಗುವ ಟೇಪು.

ಇಂಟರ್ನೆಟ್ ವಿಷಯಕ್ಕೆ ಬಂದರೆ ಈ ಚಿತ್ರ ದಾರಿ ತಪ್ಪಿಸುತ್ತದೆ. ಆಲಿಸುವುದಕ್ಕೆ ಆಳು ಬೇಕು, ಹೊತ್ತು ಬೇಕು, ಯಾರನ್ನು ಆಲಿಸಬೇಕೆಂದು ಮೊದಲೇ ಗೊತ್ತಿರಬೇಕು. ಲೆಕ್ಕ ಬರೆದಿಡುವುದಕ್ಕೆ ಇದ್ಯಾವುದೂ ಬೇಡ. ಎಲ್ಲರದ್ದನ್ನೂ ಬರೆದಿಟ್ಟುಕೊಂಡು, ಬೇಕಾದವರ ಪುಟವನ್ನು ಆಮೇಲೆ ತೆರೆದರಾಯಿತು. ಹಿಂದೆ ಬೀದಿ ಬೀದಿಯ ದಿನಸಿ ಅಂಗಡಿಯಲ್ಲಿ ಇರುತ್ತಿದ್ದ ಸಾಲದ ಪುಸ್ತಕ ನೆನಪಿಸಿಕೊಳ್ಳಿ. ಅಂಗಡಿಯ ಕಟ್ಟೆ ಮೇಲೆ ಕೂತು ನೀವು ಏನು ಮಾತಾಡಿದಿರಿ ಎಂಬುದು ಅದರಲ್ಲಿಲ್ಲ. ಯಾವ ತಾರೀಕು ಏನು ಒಯ್ದಿರಿ ಎಂಬುದಷ್ಟೇ ಇದೆ. ಆದರೂ ಒಂದು ವರ್ಷದ ಪುಸ್ತಕ ತಿರುವಿದವರಿಗೆ ಯಾರ ಮನೆಗೆ ಕೂಸು ಬಂತು, ಯಾರು ಸಕ್ಕರೆ ಬಿಟ್ಟರು, ಯಾರ ಕೈಯಲ್ಲಿ ತಿಂಗಳ ಕೊನೆಗೆ ಕಾಸಿಲ್ಲ, ಎಲ್ಲ ತಿಳಿಯುತ್ತಿತ್ತು.

ಇಂದು ನಮ್ಮ ಮೇಲೆ ಬರೆಯಲಾಗುತ್ತಿರುವುದು ಇಂಥ ಪುಸ್ತಕ. ಒಂದಲ್ಲ, ನಾಲ್ಕಾರು. ಖಾಸಗಿತನ ಕಾಪಾಡಿಕೊಳ್ಳಬೇಕೆಂದು ಹೊರಟವರು ಮೊದಲು ಕೇಳಿಕೊಳ್ಳಬೇಕಾದದ್ದು ‘ಯಾವ ಆ್ಯಪ್ ಹಾಕಿಕೊಳ್ಳಲಿ’ ಅಂತಲ್ಲ. ಯಾರ ಪುಸ್ತಕದಲ್ಲಿ ನನ್ನ ಬಗ್ಗೆ ಏನು ಬರೆದಿದೆ, ಎಷ್ಟು ದಿನ ಇರುತ್ತದೆ, ಯಾರು ಬಂದು ಕೇಳಿದರೆ ಕೊಡುತ್ತಾರೆ ಅಂತ.

ರಾತ್ರಿ 11:41

ಹನುಮಂತನಗರದ ಒಂದು ಮನೆ ಎಂದಿಟ್ಟುಕೊಳ್ಳಿ. ಎಲ್ಲರೂ ಮಲಗಿದ ಮೇಲೆ, 11 ಗಂಟೆ 41 ನಿಮಿಷಕ್ಕೆ, ಒಬ್ಬರು ಫೋನಿನಲ್ಲಿ ಕುಡಿತ ಬಿಡಿಸುವ ಆಸ್ಪತ್ರೆಯೊಂದರ ವೆಬ್‌ಸೈಟ್ ತೆರೆಯುತ್ತಾರೆ. ಬ್ರೌಸರಿನಲ್ಲಿ ಬೀಗದ ಗುರುತಿದೆ. ಸೈಟು ಎನ್‌ಕ್ರಿಪ್ಟ್ ಆಗಿದೆ, ಅಂದರೆ ಹೋಗಿಬರುವುದೆಲ್ಲ ಗುಪ್ತಲಿಪಿಯಲ್ಲಿದೆ, ಇನ್ನು ಯಾರಿಗೂ ತಿಳಿಯುವುದಿಲ್ಲ ಎಂದು ಬಹಳ ಜನ ಇಲ್ಲಿಗೇ ನಿಶ್ಚಿಂತರಾಗುತ್ತಾರೆ.

ಬೀಗ ಬೀಳುವ ಮುಂಚೆಯೇ ಎರಡು ಮಾತು ಹೊರಗೆ ಹೋಗಿರುತ್ತದೆ. ಆಸ್ಪತ್ರೆಯ ಸೈಟಿನ ಹೆಸರಿಗೆ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಅದರ ಮನೆ ನಂಬರು) ಯಾವುದು ಎಂದು ಫೋನು ಕೇಳುವುದು ಮೊದಲನೆಯದು, ಈ ವಿಚಾರಣೆಯ ಹೆಸರು ಡಿಎನ್‌ಎಸ್. ಯಾರೂ ಸೆಟ್ಟಿಂಗ್ ಮುಟ್ಟದ ಮನೆಗಳಲ್ಲಿ ಈ ಪ್ರಶ್ನೆ ಇಂಟರ್ನೆಟ್ ಕಂಪನಿಯ ಸರ್ವರಿಗೇ ಹೋಗುತ್ತದೆ, 53ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಒಂದೇ ವಿಳಾಸದೊಳಗಿನ ಕಿಟಕಿ ಸಂಖ್ಯೆ ಇದ್ದ ಹಾಗೆ), ಅಂಚೆ ಕಾರ್ಡಿನ ಮೇಲೆ ಬರೆದಷ್ಟು ಬಯಲಾಗಿ. ಎರಡನೆಯದು ಎಸ್‌ಎನ್‌ಐ. ಒಂದೇ ಐಪಿ ವಿಳಾಸದಲ್ಲಿ ನೂರಾರು ಸೈಟುಗಳು ವಾಸವಾಗಿರುತ್ತವೆ. ಅದರಲ್ಲಿ ತನಗೆ ಬೇಕಾದದ್ದು ಯಾವುದೆಂದು ಬ್ರೌಸರು ಮೊದಲ ಸಂದೇಶದಲ್ಲೇ ಹೆಸರು ಹೇಳಬೇಕು. ಆ ಹೆಸರಿಗೂ ಮುಸುಕಿಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿಯ ಸಂಶೋಧಕರು 2019ರಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದು ಇದನ್ನೇ: ದೇಶದ ಒಂದು ದೊಡ್ಡ ಕಂಪನಿ ವೆಬ್‌ಸೈಟುಗಳನ್ನು ತಡೆಯುತ್ತಿದ್ದದ್ದು ಈ ಎಸ್‌ಎನ್‌ಐ ಓದಿಕೊಂಡು. ತಡೆಯುವುದಕ್ಕಾಗಿ ಹೆಸರು ಓದಬಲ್ಲ ಯಂತ್ರ, ಬರೆದಿಡಲೂ ಬಲ್ಲದು.

ಮೂರನೆಯದು ಕಾನೂನೇ ಬರೆಸುವ ಪುಸ್ತಕ. ಐಪಿವಿ4 ಎಂಬ ಹಳೆಯ ಮಾದರಿಯ ಐಪಿ ವಿಳಾಸಗಳು ಸಾಲದ ಕಾರಣ ಒಂದೇ ಹೊರವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಳ್ಳುತ್ತವೆ. ಯಾವ ಕ್ಷಣದಲ್ಲಿ ಯಾರು ಯಾವ ಪೋರ್ಟ್ ಬಳಸಿದರು ಎಂದು ಬರೆದಿಡದಿದ್ದರೆ ಗಿರಾಕಿಯನ್ನು ಗುರುತಿಸುವುದೇ ಆಗುವುದಿಲ್ಲ. ಆದ್ದರಿಂದ ಕಂಪನಿ ಬರೆಯುತ್ತದೆ. ಹನುಮಂತನಗರದ ಆ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ಸಮಯ 23:41:07, ಗಿರಾಕಿಯ ಒಳವಿಳಾಸ 100.64.18.9, ಹೊರವಿಳಾಸ 203.0.113.44, ಪೋರ್ಟ್ 41872. ತಲುಪಿದ ವಿಳಾಸ ಇಂಥದ್ದು, ಪೋರ್ಟ್ 443. ಮೊಬೈಲ್ ಡೇಟಾ ಆಗಿದ್ದರೆ ಸಿಮ್ ಸಂಖ್ಯೆ, ಫೋನಿನ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ), ಟವರಿನ ಗುರುತು ಇವೂ ಸೇರುತ್ತವೆ. ಪೊಲೀಸ್ ಭಾಷೆಯಲ್ಲಿ ಇದಕ್ಕೆ ಐಪಿಡಿಆರ್ ಎನ್ನುತ್ತಾರೆ. ಕರೆಗಳ ಪಟ್ಟಿ ಸಿಡಿಆರ್ ಆದರೆ, ಇಂಟರ್ನೆಟ್ಟಿನದು ಐಪಿಡಿಆರ್.

ಆಸ್ಪತ್ರೆಯ ಸೈಟಿನೊಳಗೆ ಯಾವ ಪುಟ ಓದಿದರು, ಅರ್ಜಿಯಲ್ಲಿ ಏನು ತುಂಬಿದರು, ಇದು ಕಂಪನಿಗೆ ಕಾಣುವುದಿಲ್ಲ. ಬೀಗ ಅಷ್ಟರ ಮಟ್ಟಿಗೆ ಗಟ್ಟಿ. ಆದರೆ ಅದೇ ವಿಳಾಸಕ್ಕೆ ಮೂರು ವಾರ, ಪ್ರತಿ ಶನಿವಾರ ರಾತ್ರಿ ಹೋದ ಸಾಲುಗಳು ಪುಸ್ತಕದಲ್ಲಿದ್ದರೆ, ಪುಟ ಯಾವುದಾದರೇನು?

ಈ ದಾಖಲೆಯನ್ನು ಒಂದು ವರ್ಷ ಇಡಬೇಕೆಂಬ ನಿಯಮವಿತ್ತು. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತು ತಿದ್ದಿ, ಕನಿಷ್ಠ ಎರಡು ವರ್ಷ ಮಾಡಿತು. ಅನುಮಾನ ಇದ್ದವರದ್ದು ಮಾತ್ರವಲ್ಲ, ಎಲ್ಲರದ್ದೂ.

ಪುಸ್ತಕ ತೆರೆಸುವವರು

ಇಲ್ಲಿ ಎರಡು ಬಾಗಿಲುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಮಾತನ್ನೇ ಕೇಳಬೇಕು, ಹರಿಯುವ ದತ್ತಾಂಶವನ್ನೇ ಹಿಡಿಯಬೇಕು ಎಂದರೆ ದೊಡ್ಡ ಬಾಗಿಲು: ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಒಳಾಡಳಿತ ಇಲಾಖೆಯ ಕಾರ್ಯದರ್ಶಿ ಸಹಿ ಹಾಕಬೇಕು. 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಮಿನಿಂದ ಬಂದ ಅಧಿಕಾರ ಇದು. ಅದಕ್ಕೆ ಕಡಿವಾಣದ ನಿಯಮಗಳು ಬಂದದ್ದು 1996ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಈಗ 2023ರ ದೂರಸಂಪರ್ಕ ಕಾಯ್ದೆ ಮತ್ತು 2024ರ ಡಿಸೆಂಬರ್‌ನ ನಿಯಮಗಳು ಆ ಜಾಗಕ್ಕೆ ಬಂದಿವೆ. ಆದೇಶ 60 ದಿನಕ್ಕೆ, ವಿಸ್ತರಿಸಿದರೆ ಒಟ್ಟು 180 ದಿನ ಮೀರುವಂತಿಲ್ಲ. ತುರ್ತಿದ್ದರೆ ತನಿಖಾ ಸಂಸ್ಥೆಯ ಹಿರಿಯ ಅಧಿಕಾರಿಯೇ ಆದೇಶಿಸಿ, 7 ಕೆಲಸದ ದಿನಗಳೊಳಗೆ ಒಪ್ಪಿಗೆ ಪಡೆಯಬಹುದು. ಕಂಪ್ಯೂಟರಿನಲ್ಲಿರುವ ಮಾಹಿತಿಗೆ ಐಟಿ ಕಾಯ್ದೆಯ 69ನೇ ಕಲಂ. ಅದರಡಿ 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಸಚಿವಾಲಯ ಗುಪ್ತಚರ ದಳ, ಇ.ಡಿ., ಸಿಬಿಐ, ಎನ್‌ಐಎ, ದೆಹಲಿ ಪೊಲೀಸ್ ಕಮಿಷನರ್ ಸೇರಿದಂತೆ 10 ಸಂಸ್ಥೆಗಳನ್ನು ಹೆಸರಿಸಿತು. ಈ ಸರಪಳಿಯಲ್ಲಿ ಎಲ್ಲಿ ಹುಡುಕಿದರೂ ನ್ಯಾಯಾಧೀಶರು ಸಿಗುವುದಿಲ್ಲ. ಆದೇಶ ಕೊಡುವವರೂ ಅಧಿಕಾರಿಗಳು, ಪರಿಶೀಲಿಸುವ ಸಮಿತಿಯೂ ಅಧಿಕಾರಿಗಳದ್ದೇ. ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿಯೇ ಅಧ್ಯಕ್ಷರು.

ಆ ಸಮಿತಿಗೆ ಎಷ್ಟು ಕೆಲಸ? ದತ್ತಾಂಶ ರಕ್ಷಣೆಯ ಕಾನೂನಿಗಾಗಿ ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಬರೆದಿದೆ: ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಗೆ 15,000ದಿಂದ 18,000 ಆದೇಶಗಳು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಊಟಕ್ಕೂ ಏಳದೆ ಕೂತರೆ ಸಿಗುವುದು 480 ನಿಮಿಷ. 15,000 ಕಡತ ಅಂದರೆ ನಿಮಿಷಕ್ಕೆ 31. ಕಡತದ ಮೇಲಿನ ಹೆಸರನ್ನು ಪೂರ್ತಿ ಓದುವುದಕ್ಕೂ ಸಾಲದ ಹೊತ್ತು.

ಸಣ್ಣ ಬಾಗಿಲು ಐಪಿಡಿಆರ್, ಸಿಡಿಆರ್‌ನದು. ಇದಕ್ಕೆ ಕಾರ್ಯದರ್ಶಿಯ ಸಹಿ ಬೇಡ. ತನಿಖೆಯ ಹೆಸರಿನಲ್ಲಿ ಎಸ್‌ಪಿ, ನಗರದಲ್ಲಾದರೆ ಡಿಸಿಪಿ ದರ್ಜೆಯ ಅಧಿಕಾರಿಯ ಕಡೆಯಿಂದ ಕಂಪನಿಗೆ ಒಂದು ಕೋರಿಕೆ ಹೋದರೆ ಸಾಕು. ಜನ ಹೆದರುವುದು ದೊಡ್ಡ ಬಾಗಿಲಿಗೆ. ದಿನನಿತ್ಯ ತೆರೆದುಕೊಳ್ಳುವುದು ಸಣ್ಣದು. ಅದರಿಂದ ಕಳ್ಳರೂ ನುಗ್ಗಿದ್ದಾರೆ: 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಸಿಡಿಆರ್‌ಗಳನ್ನು ದುಡ್ಡಿಗೆ ಮಾರುತ್ತಿದ್ದ ಖಾಸಗಿ ಪತ್ತೇದಾರರ ಜಾಲವನ್ನೇ ಹಿಡಿದರು. ಪುಸ್ತಕ ಬರೆದಿಟ್ಟ ಮೇಲೆ ಓದುವವರು ಯಾರೆಂಬುದು ಬರೆದವರ ಹಿಡಿತದಲ್ಲಿ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ಇಲ್ಲಿ ಹೇಳಲೇಬೇಕು. ನಿಮ್ಮ ಇಂಟರ್ನೆಟ್ ದಾಖಲೆ ಎರಡು ವರ್ಷ ಇರುತ್ತದೆ. ನಿಮ್ಮನ್ನು ಆಲಿಸಿದ ಆದೇಶದ ದಾಖಲೆಯನ್ನೋ, ಕೆಲಸಕ್ಕೆ ಬೇಕಾಗದಿದ್ದರೆ ಆರು ತಿಂಗಳಿಗೊಮ್ಮೆ ನಾಶ ಮಾಡಬೇಕೆಂದು ನಿಯಮವೇ ಹೇಳುತ್ತದೆ. ಆಲಿಸಿದ್ದೆವು ಎಂದು ಆಮೇಲಾದರೂ ನಿಮಗೆ ತಿಳಿಸಬೇಕೆಂಬ ನಿಯಮ ಮಾತ್ರ ಇಲ್ಲ. ಗೊತ್ತಾಗದ ಅನ್ಯಾಯಕ್ಕೆ ದೂರು ಕೊಡುವುದಾದರೂ ಹೇಗೆ?

ತಪ್ಪು ಸಾಲು

‘ತಪ್ಪು ಮಾಡದವನಿಗೆ ಯಾಕೆ ಭಯ?’ ಎಂದು ಕೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನೂ ಜೊತೆಗೇ ಎಸೆಯುತ್ತಾರೆ. ಅವರಿಗೆ ಬೆಂಗಳೂರಿನದೇ ಒಂದು ಉತ್ತರವಿದೆ. 2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಇಲ್ಲಿಗೆ ಬಂದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು ಬಂಧಿಸಿ ಕರೆದೊಯ್ದರು. ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸಿದ ಆರೋಪ. ಆತ 50 ದಿನ ಜೈಲಿನಲ್ಲಿದ್ದ. ಕೊನೆಗೆ ತಿಳಿದದ್ದೇನೆಂದರೆ ಆ ಹೊತ್ತಿಗೆ ಆ ಐಪಿ ವಿಳಾಸ ಯಾರ ಬಳಿಯಿತ್ತು ಎಂದು ಇಂಟರ್ನೆಟ್ ಕಂಪನಿ ಕೊಟ್ಟ ಹೆಸರೇ ತಪ್ಪು. ಹೆಗಲು ಮುಟ್ಟಿ ನೋಡಿಕೊಳ್ಳಲು ಅವನಿಗೆ ಕಾರಣವೇ ಇರಲಿಲ್ಲ.

ಇಂಥ ತಪ್ಪು ಹೇಗಾಗುತ್ತದೆ ಎಂಬುದಕ್ಕೆ ದೊಡ್ಡ ಪಿತೂರಿ ಬೇಕಿಲ್ಲ. ವಿದೇಶಿ ಕಂಪನಿಗಳು ದಾಖಲೆ ಕೊಡುವಾಗ ಸಮಯವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಗಡಿಯಾರದ ಲೆಕ್ಕದಲ್ಲಿ ಕೊಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹನುಮಂತನಗರದ 23:41, ಯುಟಿಸಿಯಲ್ಲಿ 18:11. ಪತ್ರ ಬರೆಯುವವರು ಕೂಡುವುದನ್ನು ಮರೆತು ‘ಸಂಜೆ 6:11ಕ್ಕೆ ಈ ವಿಳಾಸ ಯಾರದ್ದು’ ಎಂದು ಕೇಳಿದರೆ, ಕಂಪನಿ ಪ್ರಾಮಾಣಿಕವಾಗಿ ಬೇರೊಬ್ಬರ ಹೆಸರು ಕೊಡುತ್ತದೆ. ಪೋರ್ಟ್ ಸಂಖ್ಯೆ ಬಿಟ್ಟುಹೋದರೂ ಅಷ್ಟೆ, 203.0.113.44ರ ಹಿಂದೆ ಆ ಕ್ಷಣದಲ್ಲಿ ಇದ್ದವರು ಒಬ್ಬರಲ್ಲ. ವಕೀಲರು ಇಂಥ ಪ್ರಕರಣ ಹಿಡಿದಾಗ ಮೊದಲು ನೋಡಬೇಕಾದದ್ದು ಈ ಎರಡು: ಸಮಯವಲಯ ಬರೆದಿದೆಯೇ, ಪೋರ್ಟ್ ಬರೆದಿದೆಯೇ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ತೀರ್ಪಿಗೆ ಹೆಸರು ಕೊಟ್ಟವರು ಬೆಂಗಳೂರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದ್ದರು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆ ತೀರ್ಪಿನ ಪ್ರಕಾರ ಸರ್ಕಾರ ಖಾಸಗಿತನಕ್ಕೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಎಲ್ಲರ ಪುಸ್ತಕವನ್ನೂ ಎರಡು ವರ್ಷ ಇಡುವುದು ಮೂರನೆಯದಕ್ಕೆ ಹೇಗೆ ಹೊಂದುತ್ತದೆಂಬುದು ನನಗಂತೂ ಅರ್ಥವಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದಕ್ಕೆ ಮದ್ದೆಂದು ಕೆಲವರು ಹೇಳುವುದುಂಟು. ಆ ಕಾಯ್ದೆಯ 17(2)ನೇ ಕಲಂ ಓದಿ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಕ್ಕೆ ಕೇಂದ್ರ ಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ ಕಾಯ್ದೆಯೇ ಅನ್ವಯಿಸುವುದಿಲ್ಲ.

ನಮ್ಮ ಕೈಯಲ್ಲಿರುವುದು

ಮೊದಲು ಡಿಎನ್‌ಎಸ್: ಆ ಪ್ರಶ್ನೆ ಇಂಟರ್ನೆಟ್ ಕಂಪನಿಗೆ ಬಯಲಾಗಿ ಹೋಗದೆ, ಬೇರೊಂದು ಸರ್ವರಿಗೆ ಮುಸುಕಿನಲ್ಲಿ ಹೋಗುವಂತೆ ಮಾಡುವುದು. ಎರಡು ನಿಮಿಷದ ಕೆಲಸ, ಕಾಸು ಖರ್ಚಿಲ್ಲ. ಆ್ಯಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಪ್ರೈವೇಟ್ ಡಿಎನ್‌ಎಸ್ ಎಂದು ಹೋಗಿ. ಸ್ಯಾಮ್‌ಸಂಗ್‌ನಲ್ಲಿ ಇದು ಕನೆಕ್ಷನ್ಸ್, ಮೋರ್ ಕನೆಕ್ಷನ್ ಸೆಟ್ಟಿಂಗ್ಸ್ ಒಳಗೆ ಅಡಗಿರುತ್ತದೆ. ಅಲ್ಲಿ ‘ಆಟೊಮ್ಯಾಟಿಕ್’ ಇದ್ದರೆ ನಂಬಬೇಡಿ: ಕಂಪನಿಯ ಸರ್ವರಿಗೆ ಎನ್‌ಕ್ರಿಪ್ಷನ್ ಬಾರದಿದ್ದರೆ ಫೋನು ಸದ್ದಿಲ್ಲದೆ ಹಳೆಯ ಬಯಲು ದಾರಿಗೇ ಮರಳುತ್ತದೆ. ಸರ್ವರಿನ ಹೆಸರು ಕೊಡುವ ಮೂರನೆಯ ಆಯ್ಕೆ ಒತ್ತಿ, ‘ಡಿಎನ್‌ಎಸ್ ಡಾಟ್ ಕ್ವಾಡ್9 ಡಾಟ್ ನೆಟ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬಿ. ಬಹಳ ಜನ ಎಡವುವುದು ಇಲ್ಲೇ. ಇಂಥದೇ ಸೇವೆ ಕೊಡುವ ಕ್ಲೌಡ್‌ಫ್ಲೇರ್‌ನದು ಎಂದು 1.1.1.1 ಅಂಕಿಗಳನ್ನು ಹಾಕುತ್ತಾರೆ, ಕೆಲಸ ಮಾಡುವುದಿಲ್ಲ. ಈ ಖಾನೆಗೆ ಬೇಕಾದದ್ದು ಹೆಸರು, ಅಂಕಿಯಲ್ಲ. ಆ ಸೇವೆಯ ಹೆಸರು ‘ಒನ್’ ಎಂಬ ಪದವನ್ನು ನಾಲ್ಕು ಸಲ ಬರೆದು ನಡುವೆ ಚುಕ್ಕಿ ಇಟ್ಟದ್ದು.

ಇನ್ನೊಂದು ತೊಡಕು ಹೊರಗೆ ಹೋದಾಗ. ಮೆಜೆಸ್ಟಿಕ್ ರೈಲು ನಿಲ್ದಾಣದಲ್ಲೋ ಹೋಟೆಲಿನಲ್ಲೋ ವೈಫೈಗೆ ಸೇರಿದಾಗ ಓಟಿಪಿ ಕೇಳುವ ಪುಟವೇ ಬರುವುದಿಲ್ಲ, ಬರೀ ಸುತ್ತುತ್ತಿರುತ್ತದೆ. ಆ ಪುಟ ತೋರಿಸಲು ವೈಫೈ ನಿಮ್ಮ ಡಿಎನ್‌ಎಸ್ ಪ್ರಶ್ನೆಯನ್ನು ನಡುವೆ ಹಿಡಿಯಬೇಕು, ಈಗ ಹಿಡಿಯಲಾಗುತ್ತಿಲ್ಲ. ‘ಆಟೊಮ್ಯಾಟಿಕ್’ಗೆ ಬದಲಿಸಿ, ಲಾಗಿನ್ ಆಗಿ, ಮತ್ತೆ ಮೊದಲಿನಂತೆ ಮಾಡಿ. ಆ ಓಟಿಪಿ ಇನ್ನೊಂದು ಪುಸ್ತಕದ ಸಾಲು ಎಂಬುದು ನೆನಪಿರಲಿ. ಹಿಂದೆ ಸೈಬರ್ ಕೆಫೆಗಳಿದ್ದಾಗ ಗುರುತಿನ ಚೀಟಿಯ ವಿವರ ವರ್ಷಗಟ್ಟಲೆ ರಿಜಿಸ್ಟರಿನಲ್ಲಿ ಉಳಿಯುತ್ತಿತ್ತು. 2011ರ ನಿಯಮಗಳಲ್ಲಿ ಕ್ಯಾಬಿನ್ನಿನ ಮರೆ ನಾಲ್ಕೂವರೆ ಅಡಿ ದಾಟಬಾರದೆಂದೂ ಬರೆದಿತ್ತು. ಕೆಫೆಗಳು ಮುಚ್ಚಿದವು, ರಿಜಿಸ್ಟರ್ ನಮ್ಮ ಫೋನ್ ನಂಬರಿಗೆ ಅಂಟಿಕೊಂಡು ಬಂತು.

ಡಿಎನ್‌ಎಸ್ ಬಚ್ಚಿಟ್ಟರೂ ಎಸ್‌ಎನ್‌ಐ ಬಯಲಲ್ಲೇ ಇರುತ್ತದಲ್ಲ? ಹೌದು. ಅದಕ್ಕೆ ಇಸಿಎಚ್ ಎಂಬ ಹೊಸ ಮುಸುಕು 2023ರಿಂದ ಫೈರ್‌ಫಾಕ್ಸ್, ಕ್ರೋಮ್‌ಗಳಲ್ಲಿ ಬಂದಿದೆ. ಫೈರ್‌ಫಾಕ್ಸ್‌ನ ಪ್ರೈವಸಿ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಅನ್ನು ‘ಮ್ಯಾಕ್ಸ್ ಪ್ರೊಟೆಕ್ಷನ್’ಗೆ ಇಟ್ಟರೆ ಇದೂ ಕೆಲಸ ಮಾಡುತ್ತದೆ. ಆದರೆ ಸೈಟಿನ ಕಡೆಯಲ್ಲೂ ಇದು ಇರಬೇಕು; ಸರ್ಕಾರಿ ಸೈಟುಗಳಿಂದ ಅದನ್ನು ಈಗಲೇ ನಿರೀಕ್ಷಿಸಬೇಡಿ. ಐಪಿಡಿಆರ್‌ನಲ್ಲಿ ತಲುಪಿದ ವಿಳಾಸ ಹೇಗೂ ಇದ್ದೇ ಇರುತ್ತದೆ. ಸೈಟು ಸಾವಿರಾರು ಜನ ಹಂಚಿಕೊಂಡ ವಿಳಾಸದಲ್ಲಿದ್ದರೆ ಅದರಿಂದ ತಿಳಿಯುವುದು ಕಡಿಮೆ. ಸ್ವಂತ ವಿಳಾಸದಲ್ಲಿದ್ದರೆ ಎಲ್ಲ ತಿಳಿಯುತ್ತದೆ.

ಇಲ್ಲಿಗೆ ಬಂದವರು ಮುಂದೆ ಕೇಳುವುದು ವಿಪಿಎನ್, ಅಂದರೆ ನಮ್ಮ ಇಂಟರ್ನೆಟ್ ಸಂಚಾರವನ್ನೆಲ್ಲ ಇನ್ನೊಂದು ಕಂಪನಿಯ ಸರ್ವರಿನ ಮೂಲಕ ಮುಸುಕಿನಲ್ಲಿ ಸಾಗಿಸುವ ಸೇವೆ. ವಿಪಿಎನ್ ಪುಸ್ತಕವನ್ನು ಅಳಿಸುವುದಿಲ್ಲ, ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಸಾಗಿಸುತ್ತದೆ. ಇಂಟರ್ನೆಟ್ ಕಂಪನಿಗೆ ಒಂದೇ ವಿಳಾಸ ಕಾಣುತ್ತದೆ, ವಿಪಿಎನ್ ಕಂಪನಿಗೆ ಹೋದ ವಿಳಾಸಗಳೆಲ್ಲವೂ ಕಾಣುತ್ತವೆ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಭಾರತದಲ್ಲಿ ವಿಪಿಎನ್ ನಡೆಸುವವರು ಗಿರಾಕಿಯ ಹೆಸರು, ವಿಳಾಸ, ಫೋನು, ಕೊಟ್ಟ ಐಪಿ, ಯಾವ ಉದ್ದೇಶಕ್ಕೆ ತೆಗೆದುಕೊಂಡರು ಎಂಬುದನ್ನೆಲ್ಲ, ಗಿರಾಕಿ ಬಿಟ್ಟುಹೋದ ಮೇಲೂ 5 ವರ್ಷ ಇಡಬೇಕು. ಇಂಟರ್ನೆಟ್ ಕಂಪನಿಯ ಎರಡು ವರ್ಷದಿಂದ ತಪ್ಪಿಸಿಕೊಳ್ಳಲು ಹೋಗಿ ಐದು ವರ್ಷಕ್ಕೆ ಸಿಕ್ಕಿಬಿದ್ದ ಹಾಗೆ. ಆ ವರ್ಷವೇ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ತಮ್ಮ ಸರ್ವರುಗಳನ್ನು ಭಾರತದಿಂದ ಎತ್ತಿಕೊಂಡು ಹೋದವು. ಚಾಪೆಯ ಕೆಳಗೆ ಒಬ್ಬರು ತೂರಿದರೆ ರಂಗೋಲಿಯ ಕೆಳಗೆ ಇನ್ನೊಬ್ಬರು: ಕೆಲವು ಕಂಪನಿಗಳು ಹೊರದೇಶದಲ್ಲಿ ಸರ್ವರ್ ಇಟ್ಟು ಭಾರತದ ವಿಳಾಸ ತೋರಿಸುತ್ತವೆ. ಬಿಟ್ಟಿ ವಿಪಿಎನ್ ಆ್ಯಪ್‌ಗಳ ಬಗ್ಗೆ ಹೇಳುವುದಿಷ್ಟೆ, ಸರ್ವರಿನ ಬಾಡಿಗೆ ಯಾರೋ ಕಟ್ಟಲೇಬೇಕಲ್ಲ.

ತೆಗೆದುಕೊಂಡೇ ತೀರುತ್ತೇನೆ ಎನ್ನುವವರು ಆ್ಯಂಡ್ರಾಯ್ಡ್‌ನ ವಿಪಿಎನ್ ಸೆಟ್ಟಿಂಗಿನಲ್ಲಿ ‘ಆಲ್ವೇಸ್-ಆನ್’ ಮತ್ತು ‘ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್’ ಎರಡನ್ನೂ ಹಾಕಿ. ಇಲ್ಲದಿದ್ದರೆ ಮೆಟ್ರೋ ಸುರಂಗದಲ್ಲಿ ಸಿಗ್ನಲ್ ಹೋಗಿ ಬಂದಾಗ, ವಿಪಿಎನ್ ಮತ್ತೆ ಕೂಡಿಕೊಳ್ಳುವ ಮುಂಚಿನ ಕೆಲವು ಸೆಕೆಂಡು ಎಲ್ಲ ಆ್ಯಪ್‌ಗಳೂ ಬಯಲಲ್ಲಿ ಮಾತಾಡಿಬಿಡುತ್ತವೆ. ಆದರೆ ಇದಕ್ಕೊಂದು ಬೆಲೆಯಿದೆ. ಕೆಲವು ಬ್ಯಾಂಕು, ಯುಪಿಐ ಆ್ಯಪ್‌ಗಳು ವಿಪಿಎನ್ ಇದ್ದರೆ ತೆರೆಯುವುದೇ ಇಲ್ಲ; ಅವನ್ನು ವಿಪಿಎನ್‌ನಿಂದ ಹೊರಗಿಟ್ಟರೆ, ಎರಡನೆಯ ಸೆಟ್ಟಿಂಗ್ ಅವಕ್ಕೆ ಇಂಟರ್ನೆಟ್ಟನ್ನೇ ಕತ್ತರಿಸುತ್ತದೆ. ತರಕಾರಿ ಗಾಡಿಯ ಮುಂದೆ ನಿಂತು ಕ್ಯೂಆರ್ ಸ್ಕ್ಯಾನ್ ಮಾಡಲಾಗದೆ ಒದ್ದಾಡಿದ ಮೇಲೆ ಬಹಳ ಜನ ವಿಪಿಎನ್ ಆರಿಸಿ ಮರೆತೇಬಿಡುತ್ತಾರೆ. ಮನೆ ಬ್ರಾಡ್‌ಬ್ಯಾಂಡಿನಲ್ಲಿ ದಿನವಿಡೀ ವಿಪಿಎನ್ ಬೇಕಾದವರು ಕಡಿಮೆ ಎಂದೇ ನನ್ನ ಅಭಿಪ್ರಾಯ. ಪತ್ರಕರ್ತರಿಗೆ, ವಕೀಲರಿಗೆ ಮಾತು ಬೇರೆ.

ಟಾರ್ ಎಂಬ ಬ್ರೌಸರು ಇನ್ನೂ ಗಟ್ಟಿ: ಬೇರೆ ಬೇರೆಯವರು ನಡೆಸುವ ಮೂರು ಸರ್ವರುಗಳ ಮೂಲಕ ಹೋಗುವುದರಿಂದ ಯಾರೊಬ್ಬರ ಪುಸ್ತಕದಲ್ಲೂ ಪೂರ್ತಿ ಸಾಲು ಇರುವುದಿಲ್ಲ. ಆದರೆ ಟಾರ್ ಬಳಸಿದರು ಎಂಬುದೇ ಒಂದು ಸಾಲು. 2013ರ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ನಲ್ಲಿ ಹುಸಿ ಬಾಂಬ್ ಬೆದರಿಕೆ ಕಳಿಸಿದ ವಿದ್ಯಾರ್ಥಿ ಸಿಕ್ಕಿಬಿದ್ದದ್ದು ಟಾರ್ ಮುರಿದು ಅಲ್ಲ; ಆ ಹೊತ್ತಿಗೆ ಕ್ಯಾಂಪಸ್ ನೆಟ್‌ವರ್ಕಿನಲ್ಲಿ ಟಾರ್ ತೆರೆದವರು ಯಾರೆಂದು ನೋಡಿ.

ಐಟಿ ಊರಾದ್ದರಿಂದ ಆಫೀಸ್ ಲ್ಯಾಪ್‌ಟಾಪಿನ ಮಾತನ್ನೂ ಹೇಳಬೇಕು. ಅದರಲ್ಲಿ ಬೀಗದ ಗುರುತನ್ನು ಒತ್ತಿ, ಸೈಟಿನ ಗುರುತಿಗೆ ಸಾಕ್ಷಿಯಾದ ಸರ್ಟಿಫಿಕೇಟ್ ಯಾರು ಕೊಟ್ಟದ್ದೆಂದು ನೋಡಿ. ಲೆಟ್ಸ್ ಎನ್‌ಕ್ರಿಪ್ಟ್, ಡಿಜಿಸರ್ಟ್ ಮುಂತಾದ ಹೆಸರಿನ ಜಾಗದಲ್ಲಿ ನಿಮ್ಮ ಕಂಪನಿಯದೋ ಅದರ ಭದ್ರತಾ ಸಾಫ್ಟ್‌ವೇರಿನದೋ ಹೆಸರಿದ್ದರೆ ಬೀಗದ ಕೀಲಿ ಅವರ ಬಳಿಯೂ ಇದೆ ಎಂದರ್ಥ. ಪುಟದ ಒಳಗಿನದೂ ಕಾಣುತ್ತದೆ. ಮೇಲಿನ ಯಾವ ಸೆಟ್ಟಿಂಗೂ ಅಲ್ಲಿ ನಡೆಯದು. ಸ್ವಂತ ಕೆಲಸ ಸ್ವಂತ ಫೋನಿನಲ್ಲಿರಲಿ.

ವಾಟ್ಸ್‌ಆ್ಯಪ್‌ನ ಸಂದೇಶಗಳು ದಾರಿಯಲ್ಲಿ ಭದ್ರ, 2016ರಿಂದ. ಸೋರುವುದು ಬ್ಯಾಕಪ್‌ನಲ್ಲಿ. ಗೂಗಲ್ ಡ್ರೈವಿಗೋ ಐಕ್ಲೌಡಿಗೋ ಹೋಗುವ ಪ್ರತಿಗೆ ಅದೇ ಬೀಗ ತಾನಾಗಿ ಬೀಳುವುದಿಲ್ಲ. 2021ರ ಅಕ್ಟೋಬರ್‌ನಿಂದ ಅದನ್ನು ನಾವೇ ಹಾಕಿಕೊಳ್ಳಬಹುದು. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಅದರ ಕೆಳಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್. ಪಾಸ್‌ವರ್ಡ್ ಇಡಿ, ಇಲ್ಲವೇ 64 ಅಂಕಿ-ಅಕ್ಷರಗಳ ಕೀಲಿ ತೆಗೆದುಕೊಂಡು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಮರೆತರೆ ವಾಟ್ಸ್‌ಆ್ಯಪ್ ಕೂಡ ತೆಗೆದುಕೊಡಲಾರದು, ಹಳೆಯ ಚಾಟ್ ಹೋಯಿತೆಂದೇ ಲೆಕ್ಕ. ಐಫೋನಿನವರಿಗೆ ಇನ್ನೊಂದು ತೂತು: ಇಡೀ ಫೋನಿನ ಐಕ್ಲೌಡ್ ಬ್ಯಾಕಪ್ ಚಾಲೂ ಇದ್ದರೆ, ವಾಟ್ಸ್‌ಆ್ಯಪ್ ಚಾಟಿನ ಬೀಗವಿಲ್ಲದ ಪ್ರತಿ ಆ ದಾರಿಯಲ್ಲಿ ಮತ್ತೆ ಹೊರಬೀಳುತ್ತದೆ, ಐಕ್ಲೌಡ್ ಬ್ಯಾಕಪ್ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ ಮುಂದಿನ ಗುಂಡಿ ಆರಿಸಬೇಕು. ನೀವಿಷ್ಟೆಲ್ಲ ಮಾಡಿದರೂ ಎದುರಿಗಿರುವವರು ಮಾಡದಿದ್ದರೆ ನಿಮ್ಮ ಅದೇ ಮಾತು ಅವರ ಡ್ರೈವಿನಲ್ಲಿ ಬೆತ್ತಲೆ. ಅದಕ್ಕೇ ಸಂದೇಶಗಳು 24 ಗಂಟೆಗೋ 7 ದಿನಕ್ಕೋ 90 ದಿನಕ್ಕೋ ತಾವಾಗಿ ಅಳಿಯುವಂತೆ ಇಡುವುದು ಬ್ಯಾಕಪ್ ಬೀಗದಷ್ಟೇ ಮುಖ್ಯ.

ಮಾತು ಅಡಗಿದರೂ ಯಾರು ಯಾರೊಂದಿಗೆ, ಯಾವಾಗ ಎಂಬ ಲೆಕ್ಕ ವಾಟ್ಸ್‌ಆ್ಯಪ್ ಬಳಿ ಇರುತ್ತದೆ. ಸಿಗ್ನಲ್ ಎಂಬ ಇನ್ನೊಂದು ಮೆಸೇಜಿಂಗ್ ಆ್ಯಪ್ ಆ ಪುಸ್ತಕವನ್ನೇ ಬರೆಯುವುದಿಲ್ಲ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯ ಆದೇಶಕ್ಕೆ ಸಿಗ್ನಲ್ ಕೊಟ್ಟದ್ದು ಎರಡೇ ತಾರೀಕು: ಖಾತೆ ತೆರೆದದ್ದು ಯಾವಾಗ, ಕೊನೆಗೆ ಸಂಪರ್ಕಕ್ಕೆ ಬಂದದ್ದು ಯಾವಾಗ. ಇಲ್ಲದ ಪುಸ್ತಕವನ್ನು ಯಾವ ಸಹಿಯೂ ತೆರೆಸಲಾರದು. ಹಾಗೆಂದು ಫೋನ್ ನಂಬರಿನ ಗಂಟು ಬಿಚ್ಚಿಕೊಳ್ಳುವುದಿಲ್ಲ. ಮೆಸೇಜಿಂಗ್ ಆ್ಯಪ್‌ಗಳು ಫೋನಿನೊಳಗಿನ ಸಿಮ್‌ಗೆ ಸದಾ ಕಟ್ಟಿಕೊಂಡಿರಬೇಕು, ಕಂಪ್ಯೂಟರಿನ ಲಾಗಿನ್ ಆರು ಗಂಟೆಗೊಮ್ಮೆ ಕಡಿದುಹೋಗಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ನಿರ್ದೇಶನ ಹೊರಡಿಸಿತು. ವಂಚನೆ ತಡೆಯಲು ಎಂಬುದು ಕಾರಣ; ಸಿಮ್ ಹಿಂದೆ ಆಧಾರ್, ಆಧಾರ್ ಹಿಂದೆ ನೀವು ಎಂಬುದು ಪರಿಣಾಮ.

ಇವೆಲ್ಲವನ್ನೂ ದಾಟಿ ಫೋನಿನೊಳಗೇ ನುಗ್ಗುವ ಪೆಗಾಸಸ್‌ನಂಥ ತಂತ್ರಾಂಶಕ್ಕೆ ಮೇಲಿನ ಯಾವುದೂ ಮದ್ದಲ್ಲ. ಪೆಗಾಸಸ್ ಬಳಕೆಯ ಆರೋಪದ ತನಿಖೆಗೆ ಸುಪ್ರೀಂ ಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿ 29 ಫೋನುಗಳನ್ನು ನೋಡಿ 5ರಲ್ಲಿ ಯಾವುದೋ ಕುತಂತ್ರಾಂಶ ಕಂಡಿತು, ಪೆಗಾಸಸ್ಸೇ ಎಂದು ಖಚಿತವಾಗಿ ಹೇಳಲಿಲ್ಲ. ಅಂಥ ಅಪಾಯ ಇರುವವರು ಫೋನಿನ ಅಪ್‌ಡೇಟ್ ಒಂದು ದಿನವೂ ಮುಂದೂಡಬಾರದು. ಐಫೋನಿನಲ್ಲಿ, ದಾಳಿಗೆ ದಾರಿಯಾಗಬಲ್ಲ ಸೌಲಭ್ಯಗಳನ್ನು ಮುಚ್ಚುವ ಲಾಕ್‌ಡೌನ್ ಮೋಡ್ ಹಾಕಿಕೊಳ್ಳಬೇಕು.

ಉಳಿದದ್ದು ಫೋನೇ ಪೊಲೀಸರ ಕೈಗೆ ಹೋದಾಗ. ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪು ಇಲ್ಲಿನವರು ತಿಳಿದಿರಬೇಕಾದದ್ದು. ಪಾಸ್‌ವರ್ಡ್ ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದು ಕೋರ್ಟ್ ಹೇಳಿತು. ಆದರೆ ಸ್ವಇಚ್ಛೆಯಿಂದ ಕೊಡದಿದ್ದರೆ ತನಿಖಾಧಿಕಾರಿ ಕೋರ್ಟಿನಿಂದ ಶೋಧ ವಾರೆಂಟ್ ತರಬೇಕೆಂದೂ ಹೇಳಿತು. ಜಪ್ತಿ ಮಾಡಿದ ಫೋನನ್ನು ಸಿಗ್ನಲ್ ತಡೆಯುವ ಫ್ಯಾರಡೆ ಚೀಲದಲ್ಲಿ ಇಡಬೇಕೆಂಬ ವಿವರವೂ ಅದರಲ್ಲಿದೆ.

ಫೋನು ಆರಿಸಿದ್ದರೆ ಅಥವಾ ಮತ್ತೆ ಚಾಲೂ ಮಾಡಿ ಒಮ್ಮೆಯೂ ಪಿನ್ ಹಾಕಿರದಿದ್ದರೆ ಒಳಗಿನ ದತ್ತಾಂಶದ ಕೀಲಿ ಫೋನಿನ ಮೆಮೊರಿಗೆ ಬಂದಿರುವುದಿಲ್ಲ. ಬೆಳಿಗ್ಗೆ ಒಮ್ಮೆ ಪಿನ್ ಹಾಕಿ ಜೇಬಿನಲ್ಲಿಟ್ಟ ಫೋನು, ಪರದೆ ಲಾಕ್ ಆಗಿದ್ದರೂ, ಒಳಗೆ ಅರ್ಧ ತೆರೆದೇ ಇರುತ್ತದೆ. ವಿಧಿವಿಜ್ಞಾನದ ಉಪಕರಣಗಳಿಗೆ ಅನುಕೂಲ ಆ ಸ್ಥಿತಿಯೇ. ಹಾಗಾಗಿ ರಾತ್ರಿ ಮಲಗುವಾಗ ರೀಸ್ಟಾರ್ಟ್ ಮಾಡುವುದು ಒಳ್ಳೆಯ ಅಭ್ಯಾಸ. ಪಿನ್ ನಾಲ್ಕು ಅಂಕಿಯದು ಬೇಡ, ಆರಾದರೂ ಇರಲಿ, ಹುಟ್ಟಿದ ದಿನ ಆಗಬಾರದು.

ಇನ್ನು ಮಹಜರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕು. ವಿಡಿಯೋ ಇದೆಯೆಂದು ಕಾಗದವನ್ನು ಹಗುರ ಮಾಡಬೇಡಿ. ಫೋನಿನ ಐಎಂಇಐ ಎರಡೂ, ಸಿಮ್‌ಗಳ ಸಂಖ್ಯೆ, ಮೆಮೊರಿ ಕಾರ್ಡ್ ಇತ್ತೇ ಇಲ್ಲವೇ, ಆಗ ಫೋನು ಚಾಲೂ ಇತ್ತೇ ಆರಿತ್ತೇ, ಯಾವ ಚೀಲದಲ್ಲಿ ಎಷ್ಟು ಹೊತ್ತಿಗೆ ಸೀಲ್ ಆಯಿತು, ಇಷ್ಟು ಮಹಜರಿನಲ್ಲಿ ಇರಬೇಕು. ನ್ಯಾಯಾಲಯಕ್ಕೆ ಡಿಜಿಟಲ್ ಸಾಕ್ಷ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಖ್ಯೆ ಬೇಕು, ಒಳಗಿನ ದತ್ತಾಂಶದಿಂದ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ ಅದು. ಒಳಗಿನ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ; ಜಪ್ತಿಯಾದ ಮೇಲೆ ಯಾರಾದರೂ ಏನಾದರೂ ಸೇರಿಸಿದರೆ ಹಿಡಿಯುವ ಗಟ್ಟಿ ದಾರಿ ಅದು. ಸ್ಥಳದಲ್ಲೇ ಪ್ರತಿ ತೆಗೆದರೆ ಅಲ್ಲೇ ಹ್ಯಾಶ್ ಬರೆಸಿಕೊಳ್ಳಿ. ತೆಗೆಯದಿದ್ದರೆ, ಸಹಿ ಹಾಕುವಾಗ ಪಕ್ಕದಲ್ಲೇ ‘ಹ್ಯಾಶ್ ನಮೂದಿಸಿಲ್ಲ, ನನ್ನ ಮುಂದೆ ಸೀಲ್ ಮಾಡಿದ ಸಮಯ ಇಷ್ಟು’ ಎಂದು ಕನ್ನಡದಲ್ಲೇ ಬರೆದು ತಾರೀಕು ಹಾಕಿ, ಒಂದು ಪ್ರತಿ ಕೇಳಿ ಪಡೆಯಿರಿ.